ಒಂಬತ್ತು ವೋಲ್ಟಿನ ಮರ್ಯಾದೆ

ಬರೆದು ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್, ಊರಿಗೆ ಓಡಾಟ ಅಂತ ನೆಪ ಹೇಳಬಹುದು. ನಿಜವಾದ ಕಾರಣ ಬೇರೆ. ಮೂರು ವಾರದಿಂದ ತಲೆಯೊಳಗೆ ಒಂದು ಫಾರಂ ಕೂತಿದೆ. ನಾಲ್ಕು ಪುಟದ ಫಾರಂ. ಮೂರು ಪುಟ ತುಂಬಿಸಿ ಆಗಿದೆ, ನಾಲ್ಕನೆಯದರ ಎದುರು ಕೂತು ದಿನಾ ರಾತ್ರಿ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಸಾಲದ ಅರ್ಜಿ ಅಲ್ಲ, ವೀಸಾ ಅರ್ಜಿಯೂ ಅಲ್ಲ. ಬೇಸ್ ಗಿಟಾರಿನ ಆರ್ಡರ್ ಫಾರಂ! ಐದು ತಂತಿಯ ಬೇಸ್, ಒಂದೊಂದಾಗಿ ಕೈಯಲ್ಲೇ ಮಾಡಿಕೊಡುವವರ ಹತ್ತಿರ. ಬೆಲೆ, ಸಾಗಾಟ, ಸುಂಕ ಎಲ್ಲಾ ಸೇರಿ ಹತ್ತಿರ ಹತ್ತಿರ ಮೂರು ಲಕ್ಷ. (ನಮ್ಮಮ್ಮ ಬ್ಲಾಗ್ ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ ಈ ಸಾಲು ಬರೆದಿದ್ದೇನೆ :-) ) ಮರ ಯಾವುದು, ಕತ್ತಿನ ಅಗಲ ಎಷ್ಟು, ಬಣ್ಣ ಯಾವುದು ಅನ್ನೋದೆಲ್ಲಾ ಒಂದೇ ಸಂಜೆಯಲ್ಲಿ ಮುಗೀತು. ನಾಲ್ಕನೇ ಪುಟದ ತಲೆಬರಹ ಎಲೆಕ್ಟ್ರಾನಿಕ್ಸ್. ಅಲ್ಲಿ ಮೂರು ಚೌಕ. ಒಂದು: ಪ್ಯಾಸಿವ್. ಎರಡು: ಆಕ್ಟಿವ್, 9 ವೋಲ್ಟ್. ಮೂರು: ಆಕ್ಟಿವ್, 18 ವೋಲ್ಟ್, ಮೂರು ಬ್ಯಾಂಡಿನ ಈಕ್ವಲೈಜರ್. ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್. ಹಾಗಾಗಿ ನನ್ನಂಥವನಿಗೆ ಈ ಪುಟ ಎಲ್ಲಕ್ಕಿಂತ ಸುಲಭ ಆಗಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪೋಸ್ಟ್. ಬೇಸ್ ಗಿಟಾರಿನ ಗಂಧಗಾಳಿ ಇಲ್ಲದವರೂ ಓದಬಹುದು, ಮಧ್ಯೆ ತೆಂಗಿನಕಾಯಿ, ಪಂಪ್‌ಸೆಟ್ಟು, ಜಾತ್ರೆ ಎಲ್ಲಾ ಬರುತ್ತೆ.

ಮೊದಲು ಬೇಸ್ ಅಂದರೇನು ಅಂತ ಎರಡು ಮಾತು. ಹಾಡು ಕೇಳುವಾಗ ಯಾರೂ ಅದನ್ನು ಕೇಳುವುದಿಲ್ಲ, ಆದರೆ ತೆಗೆದುಬಿಟ್ಟರೆ ಹಾಡು ಅಡಿಪಾಯ ಇಲ್ಲದ ಮನೆಯ ಹಾಗೆ ಆಗುತ್ತೆ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡುವವರನ್ನು ಬಿಟ್ಟು ಅವರ ಕೆಳಗಡೆ ಏನು ನಡೀತಿದೆ ಅಂತ ಗಮನಿಸಿ. ಇಳಯರಾಜಾ ಅಲ್ಲಿ ಇನ್ನೊಂದು ಹಾಡನ್ನೇ ಬಚ್ಚಿಟ್ಟಿದ್ದಾರೆ. ಆ ಬಚ್ಚಿಟ್ಟ ಹಾಡನ್ನು ನುಡಿಸುವುದೇ ಬೇಸ್.

ನನಗೆ ಇದರ ಹುಚ್ಚು ಹಿಡಿದದ್ದು ತಿಪಟೂರಿನಲ್ಲಿ. ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಚಿಕ್ಕವನಿದ್ದಾಗ ಸತ್ಯಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಲು ಅಪ್ಪನ ಸ್ಕೂಟರಿನಲ್ಲಿ ಹೋಗಿದ್ದೆ. ಸ್ಪೀಕರ್ ಪಕ್ಕ ನಿಂತಾಗ ಎದೆಯ ಒಳಗೆ ಯಾರೋ ಗುದ್ದಿದ ಹಾಗಾಯ್ತು. ಡ್ರಮ್ಮು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಮೂಲೆಯಲ್ಲಿ ಒಬ್ಬರು ಉದ್ದ ಕತ್ತಿನ ಗಿಟಾರು ಹಿಡಿದು, ಯಾರ ಕಡೆಗೂ ನೋಡದೆ ನಿಂತಿದ್ದರು. ಗುದ್ದುತ್ತಿದ್ದದ್ದು ಅವರು! ತುಮಕೂರಿನಲ್ಲಿ ಬಿ.ಇ. ಓದುವಾಗ ಸೆಕೆಂಡ್‌ಹ್ಯಾಂಡ್ ಬೇಸ್ ಒಂದನ್ನು ಕೊಂಡೆ. 'ಬೇಸಾಯ ಮಾಡ್ಲಾ ಅಂದ್ರೆ ಬೇಸ್ ಬಾರುಸ್ತೀನಿ ಅಂತಾನೆ' ಅಂತ ಅಪ್ಪ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ. ಅವರೇ ಮಾಡಿದ ಜೋಕು, ಅವರೇ ನಗುತ್ತಾರೆ.

ಸರಿ, ವಿಷಯಕ್ಕೆ ಬರೋಣ. ಆ ಮೂರು ಚೌಕಗಳ ಅರ್ಥ ಇಷ್ಟೇ.

ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಇದು ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಕಾಯಿಲಿನಲ್ಲಿ ವೋಲ್ಟೇಜ್ ಹುಟ್ಟುತ್ತೆ. ಫ್ಯಾರಡೆ ನಿಯಮ, ಪಿಯುಸಿಯಲ್ಲಿ ಎಲ್ಲರೂ ಓದಿದ್ದೇ. ಪ್ಯಾಸಿವ್ ಬೇಸ್‌ನಲ್ಲಿ ಈ ವೋಲ್ಟೇಜು ಒಂದೆರಡು ವಾಲ್ಯೂಮ್ ಪಾಟ್ (ಸಾಮಾನ್ಯವಾಗಿ 250 ಕಿಲೋ ಓಮ್), ಒಂದು ಟೋನ್ ಪಾಟ್, 0.047 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್ ದಾಟಿ ನೇರವಾಗಿ ಕೇಬಲ್ಲಿಗೆ ಹೋಗುತ್ತೆ. ಬ್ಯಾಟರಿ ಇಲ್ಲ. ಇದ್ದದ್ದನ್ನು ಕಡಿಮೆ ಮಾಡಬಹುದು, ಹೆಚ್ಚು ಮಾಡಲು ಆಗಲ್ಲ. ಒಳಗೆ ಇರುವ ಸಾಮಾನೆಲ್ಲಾ ಎಸ್.ಪಿ. ರೋಡಿನಲ್ಲಿ ಸಿಗುವಂಥದ್ದು.

ಆಕ್ಟಿವ್ ಅಂದರೆ ಬೇಸ್‌ನ ಹೊಟ್ಟೆಯೊಳಗೇ ಒಂದು ಪುಟ್ಟ ಪ್ರೀಆಂಪ್, ಅದಕ್ಕೊಂದು 9 ವೋಲ್ಟಿನ ಬ್ಯಾಟರಿ. ಇಲ್ಲಿ ಹೆಚ್ಚೂ ಮಾಡಬಹುದು, ಕಡಿಮೆಯೂ ಮಾಡಬಹುದು. ಇನ್ನೊಂದು ಲಾಭವೂ ಇದೆ. ಪಿಕಪ್ಪಿನ ಕಾಯಿಲ್ ಒಂದು ಇಂಡಕ್ಟರ್, ಕೇಬಲ್ ಒಂದು ಕೆಪಾಸಿಟರ್. ಎರಡೂ ಸೇರಿ ಒಂದು ರೆಸೊನೆನ್ಸ್ ಉಂಟಾಗುತ್ತೆ, ಅದರಿಂದಾಚೆಗಿನ ಸ್ವರ ಸತ್ತುಹೋಗುತ್ತೆ. ಲೆಕ್ಕ ಹಾಕಿ ನೋಡಿದೆ: 3.5 ಹೆನ್ರಿಯ ಪಿಕಪ್, ಮೀಟರಿಗೆ 100 ಪಿಕೊಫ್ಯಾರಡಿನ ಕೇಬಲ್ 5 ಮೀಟರ್, ಪಿಕಪ್ಪಿನ ಸ್ವಂತದ್ದು 100 ಅಂತ ಇಟ್ಟುಕೊಂಡರೆ ಸುಮಾರು 3,500 ಹರ್ಟ್ಸ್ ಬರುತ್ತೆ. ಕೇಬಲ್ 10 ಮೀಟರ್ ಆದರೆ 2,600ರ ಆಸುಪಾಸಿಗೆ ಇಳಿಯುತ್ತೆ. ಮಧ್ಯೆ ಪ್ರೀಆಂಪ್ ಇದ್ದರೆ ಕೇಬಲ್ ಎಷ್ಟು ಉದ್ದ ಇದ್ದರೂ ಪಿಕಪ್ಪಿಗೆ ಅದರ ಗೊಡವೆ ಇಲ್ಲ.

ಹಾಗಾದರೆ 18 ವೋಲ್ಟ್ ಯಾಕೆ? 9 ವೋಲ್ಟಿನ ಸರ್ಕ್ಯೂಟಿನಲ್ಲಿ ಸಿಗ್ನಲ್ ಮೇಲಕ್ಕೊಂದು ನಾಲ್ಕೂವರೆ, ಕೆಳಕ್ಕೊಂದು ನಾಲ್ಕೂವರೆ ವೋಲ್ಟಿಗಿಂತ ಹೆಚ್ಚು ಓಡಾಡಲು ಜಾಗ ಇಲ್ಲ. ಹೆಬ್ಬೆರಳಿನಲ್ಲಿ ಜೋರಾಗಿ ಹೊಡೆದರೆ ಪಿಕಪ್ಪಿನಿಂದಲೇ ಒಂದು, ಒಂದೂವರೆ ವೋಲ್ಟ್ ಬರಬಹುದು. ಅದರ ಮೇಲೆ 12 ಡೆಸಿಬೆಲ್ ಬೂಸ್ಟ್ ಕೊಟ್ಟರೆ ನಾಲ್ಕು ಪಟ್ಟು. ಆಗ ತಲೆ ಸೂರಿಗೆ ಬಡಿಯುತ್ತೆ. 18 ವೋಲ್ಟಿನಲ್ಲಿ ಸೂರು ಎರಡು ಪಟ್ಟು ಎತ್ತರ. ಅಷ್ಟೇ ವ್ಯತ್ಯಾಸ. ಬೂಸ್ಟ್ ಮಾಡದವನಿಗೆ ಅದರಿಂದ ಹೆಚ್ಚೇನೂ ಉಪಯೋಗ ಇಲ್ಲ, ಬ್ಯಾಟರಿ ಮಾತ್ರ ಒಂದರ ಬದಲು ಎರಡು.

ಇನ್ನು ದೊಡ್ಡವರು ಏನು ಮಾಡಿದರು ಅಂತ ನೋಡಿದರೆ ಎರಡೂ ಕಡೆ ಮಹಾಪುರುಷರಿದ್ದಾರೆ. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್, 1960ರ ಜಾಝ್ ಬೇಸ್ ಎರಡೂ ಪ್ಯಾಸಿವ್. ಮೋಟೌನ್ ಹಾಡುಗಳ ಜೇಮ್ಸ್ ಜೇಮರ್ಸನ್ ಜೀವಮಾನವೆಲ್ಲಾ ಪ್ಯಾಸಿವ್. ಜಾಕೊ ಪಾಸ್ಟೋರಿಯಸ್ ಕೈಯಲ್ಲಿದ್ದ 1962ರ ಜಾಝ್ ಬೇಸ್ ಕೂಡ. ಆ ಕಡೆ ಮಾರ್ಕಸ್ ಮಿಲ್ಲರ್ ತಮ್ಮ 1977ರ ಜಾಝ್ ಬೇಸ್‌ಗೆ ರೋಜರ್ ಸಡೋವ್ಸ್ಕಿ ಕೈಲಿ ಪ್ರೀಆಂಪ್ ಹಾಕಿಸಿಕೊಂಡರು, ಅದೇ ಅವರ ಗುರುತಾಯ್ತು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೆಂಬಿಕ್ ಕಂಪನಿ ದುಬಾರಿ ಬೇಸ್ ಅಂದರೆ ಆಕ್ಟಿವ್ ಅನ್ನೋ ರೂಢಿಯನ್ನು ಹುಟ್ಟಿಸಿತು. ತಮಾಷೆ ಏನು ಗೊತ್ತಾ? ಆಕ್ಟಿವ್ ಬೇಸ್ ಎಲ್ಲರ ಕೈಗೆ ಬರುವ ಹಾಗೆ ಮಾಡಿದ್ದು 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ, ಅದರ ಹಿಂದೆಯೂ ಅದೇ ಲಿಯೋ ಫೆಂಡರ್! ಹಾಗಾಗಿ ದೊಡ್ಡವರನ್ನು ಕೇಳಿ ನಿರ್ಧಾರ ಮಾಡುವ ಹಾಗಿಲ್ಲ.

ನನ್ನ ಬ್ಯಾಂಡಿನ ಗೆಳೆಯನ ಮಾತು ಮಾತ್ರ ಸ್ಪಷ್ಟ. 'ಮೂರು ಲಕ್ಷ ಕೊಟ್ಟು ಪ್ಯಾಸಿವ್ ತಗೋತೀಯಾ? ಫಾರ್ಚುನರ್ ಬುಕ್ ಮಾಡಿ ಎ.ಸಿ. ಬೇಡ ಅಂದಂಗಾಯ್ತು.' ನಾನೂ ಮೊದಲು ಮೂರನೇ ಚೌಕಕ್ಕೇ ಟಿಕ್ ಹಾಕಿದ್ದೆ. ಕಳಿಸುವ ಗುಂಡಿ ಒತ್ತಲು ಹೋದಾಗ ಕಳೆದ ವರ್ಷದ ಜಾತ್ರೆ ನೆನಪಾಯ್ತು. ಕೈ ನಿಂತಿತು.

ಅದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮೂರ ಪಕ್ಕದ ಊರಿನ ಜಾತ್ರೆ. ಊರಿನ ಹುಡುಗರೇ ಸೇರಿ ಆರ್ಕೆಸ್ಟ್ರಾ ಇಟ್ಟಿದ್ದರು. 'ಬೆಂಗಳೂರಿಂದ ಬ್ಯಾಂಡಿನೋರು ಬತ್ತಾವ್ರೆ' ಅಂತ ನನ್ನ ಹೆಸರನ್ನೂ ಮೈಕಿನಲ್ಲಿ ಕೂಗಿದ್ದರು. ಆಗ ನನ್ನ ಹತ್ತಿರ ಇದ್ದದ್ದು ಒಂದು ಮಧ್ಯಮ ದರ್ಜೆಯ ಆಕ್ಟಿವ್ ಬೇಸ್. ಶುಕ್ರವಾರ ಆಫೀಸ್ ಮುಗಿಸಿ ರೈಲು ಹಿಡಿದು ಬಾಣಸಂದ್ರದಲ್ಲಿ ಇಳಿದೆ. ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಕಾರ್ಯಕ್ರಮ ಶುರು. ಅಪ್ಪ, ಅಮ್ಮ, ಅತ್ತೆ ಮಾವ, ಪ್ರೈಮರಿ ಸ್ಕೂಲಿನ ಮೇಷ್ಟ್ರು, ಎಲ್ಲಾ ಮುಂದಿನ ಸಾಲಿನಲ್ಲಿ.

ಎರಡನೇ ಹಾಡಿನ ನಡುವೆ ಬೇಸ್ ಗರಗರ ಅನ್ನಲು ಶುರುವಾಯ್ತು. ಮೂರನೇ ಹಾಡಿಗೆ ಸದ್ದೇ ಇಲ್ಲ. ನಾನು ಏನು ಮಾಡಿದೆ ಅಂತ ಹೇಳಲು ಈಗಲೂ ನಾಚಿಕೆ ಆಗುತ್ತೆ. ಸೌಂಡಿನವರ ಕಡೆ ತಿರುಗಿ, ಮೈಕ್ ಆನ್ ಇದೆ ಅನ್ನೋ ಪರಿವೆಯೂ ಇಲ್ಲದೆ, 'ಏನ್ರೀ ನಿಮ್ ಸಿಸ್ಟಮ್ಮು, ಒಂದ್ ಲೈನ್ ಸರಿಯಾಗಿ ಕೊಡಕ್ಕಾಗಲ್ವಾ' ಅಂದುಬಿಟ್ಟೆ. ಇಡೀ ಊರು ಕೇಳಿತು. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಏನೂ ಮಾತಾಡದೆ ವೇದಿಕೆ ಹತ್ತಿ ಬಂದು, ಕೇಬಲ್ ಕಿತ್ತು ಕೀಬೋರ್ಡಿಗೆ ಚುಚ್ಚಿ ತೋರಿಸಿದರು. ಲೈನ್ ಸರಿಯಾಗೇ ಇತ್ತು. 'ನಿಮ್ದ್ರಲ್ಲಿ ಬ್ಯಾಟ್ರಿ ಐತಾ ಸಾರ್?' ಅಂದರು, ಮೆಲ್ಲಗೆ, ಮೈಕಿಗೆ ಕೇಳದ ಹಾಗೆ.

ಬ್ಯಾಟರಿ ಇತ್ತು. ಸತ್ತಿತ್ತು.

ಕಾರಣ ನಾನೇ. ಆಕ್ಟಿವ್ ಬೇಸ್‌ನಲ್ಲಿ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಚುಚ್ಚಿದರೆ ಅದೇ ಆನ್. ಜ್ಯಾಕ್‌ನಲ್ಲಿರುವ ಮೂರನೇ ಸಂಪರ್ಕ ಬ್ಯಾಟರಿಯನ್ನು ಸರ್ಕ್ಯೂಟಿಗೆ ಸೇರಿಸುತ್ತೆ. ನಾನು ಬೆಂಗಳೂರಿನ ರೂಮಿನಲ್ಲಿ ಕೇಬಲ್ ಚುಚ್ಚಿದ ಹಾಗೇ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದೆ. ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಸುಮಾರು 500 ಮಿಲಿಆಂಪ್ ಅವರ್. ಸರ್ಕ್ಯೂಟ್ ಒಂದು ಮಿಲಿಆಂಪ್ ಎಳೆದರೂ 500 ಗಂಟೆ, ಅಂದರೆ ಇಪ್ಪತ್ತು ಚಿಲ್ಲರೆ ದಿನ. ನಾನು ಅದನ್ನು ಬಿಟ್ಟದ್ದು ಹೆಚ್ಚೂ ಕಡಿಮೆ ಅಷ್ಟೇ ದಿನ. ಡಿಗ್ರಿ ಬೇರೆ ಎಲೆಕ್ಟ್ರಾನಿಕ್ಸ್!

ರಾತ್ರಿ ಒಂಬತ್ತೂವರೆಗೆ ಹಳ್ಳಿಯಲ್ಲಿ ಆ ಚೌಕಾಕಾರದ ಬ್ಯಾಟರಿ ಎಲ್ಲಿ ಸಿಗುತ್ತೆ? ಜಾತ್ರೆಯಲ್ಲಿ ಪೀಪಿ, ಬತ್ತಾಸು, ಬಳೆ ಎಲ್ಲಾ ಇತ್ತು, 9 ವೋಲ್ಟ್ ಇರಲಿಲ್ಲ. ಕೊನೆಗೆ ಪರಿಹಾರ ಹುಡುಕಿದ್ದೂ ಅದೇ ಸೌಂಡಿನವರು. ಜನರ ನಡುವೆ ಕೂತಿದ್ದ ಪಂಪ್‌ಸೆಟ್ ರಿಪೇರಿಯವರನ್ನು ಕೂಗಿದರು. ಅವರ ಬೈಕಿನ ಬ್ಯಾಗಿನಲ್ಲಿ ಮಲ್ಟಿಮೀಟರ್ ಇತ್ತು. ಮಲ್ಟಿಮೀಟರಿನ ಹೊಟ್ಟೆಯಲ್ಲಿ 9 ವೋಲ್ಟ್ ಬ್ಯಾಟರಿ! ಅದನ್ನು ಬಿಚ್ಚಿ ನನ್ನ ಬೇಸ್‌ಗೆ ಹಾಕಿದರು. ಕಾರ್ಯಕ್ರಮ ಮುಂದುವರೀತು.

ಆದರೆ ಹಾಡು ನಿಂತಾಗಲೆಲ್ಲಾ ಗುಂಯ್ ಅನ್ನೋ ಸದ್ದು ಇತ್ತು. 50 ಹರ್ಟ್ಸಿನ ಹಮ್ಮು. ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ರಿಪೇರಿಯವರು ಜನರೇಟರ್ ಹತ್ತಿರ ಹೋಗಿ ನೋಡಿ, ಅದಕ್ಕೆ ಅರ್ಥಿಂಗೇ ಕೊಟ್ಟಿಲ್ಲ ಅಂತ ಕಂಡುಹಿಡಿದರು. ಕಬ್ಬಿಣದ ಸರಳೊಂದನ್ನು ನೆಲಕ್ಕೆ ಬಡಿದು, ವೈರು ಸುತ್ತಿ, ಅಡುಗೆಯವರ ಹತ್ತಿರ ಉಪ್ಪು ಈಸಿಕೊಂಡು ನೀರಿನ ಜೊತೆ ಸುರಿದರು. ತೋಟದ ಮೋಟರಿಗೆ ಅರ್ಥ್ ಗುಂಡಿ ತೋಡಿ ಉಪ್ಪು ಇದ್ದಿಲು ತುಂಬಿಸುವುದನ್ನು ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ, ಅದೇ ವಿದ್ಯೆ. ಹಮ್ಮು ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ಇಳೀತು. ಇದು ಸದ್ದಿನ ಪ್ರಶ್ನೆ ಮಾತ್ರ ಅಲ್ಲ. ಅರ್ಥಿಂಗ್ ಇಲ್ಲದ ಕಡೆ ತಂತಿ ಹಿಡಿದು ತುಟಿ ಮೈಕಿಗೆ ತಾಗಿಸಿದರೆ ಶಾಕ್ ಹೊಡೆಯುತ್ತೆ, ಜೀವಕ್ಕೇ ಅಪಾಯ.

ಕಾರ್ಯಕ್ರಮ ಮುಗಿದ ಮೇಲೆ ಸೌಂಡಿನವರ ಹತ್ತಿರ ಹೋಗಿ 'ತಪ್ಪಾಯ್ತು' ಅಂದೆ. 'ಅಯ್ಯೋ ಬಿಡಿ ಸಾರ್' ಅಂದರು. ಆದರೆ ನಾನು ಬೈದದ್ದು ಮೈಕಿನಲ್ಲಿ, ಕ್ಷಮೆ ಕೇಳಿದ್ದು ಕಿವಿಯಲ್ಲಿ. ಆ ಲೆಕ್ಕ ಸರಿಹೋಗಿಲ್ಲ ಅಂತ ನನಗೆ ಗೊತ್ತು.

ಬೆಂಗಳೂರಿಗೆ ಬಂದು ಗೆಳೆಯನಿಗೆ ಅರ್ಧ ಕಥೆ ಹೇಳಿದಾಗ ಅವನು ಅಂದ: 'ಅಂಥಾ ಕಡೆಗೆಲ್ಲಾ ಹಳೇ ಬೇಸ್ ತಗೊಂಡ್ಹೋಗು. ಹೊಸದನ್ನ ಸ್ಟುಡಿಯೋಗೆ ಅಂತ ಇಟ್ಕೋ.' ಬುದ್ಧಿವಂತಿಕೆಯ ಮಾತೇ. ಆದರೆ ಯೋಚನೆ ಮಾಡಿದಷ್ಟೂ ಚುಚ್ಚಿತು. ಅಂಥಾ ಕಡೆ ಅಂದರೆ ನಮ್ಮೂರು. ನಾನು ಬೇಸ್ ಅನ್ನೋದನ್ನು ಮೊದಲು ಕೇಳಿದ್ದು ಅಂಥದ್ದೇ ಪೆಂಡಾಲಿನಲ್ಲಿ. ಜೀವಮಾನದಲ್ಲಿ ಒಮ್ಮೆ ಕೊಳ್ಳುವ ವಾದ್ಯವನ್ನು ಅಪ್ಪ ಅಮ್ಮ ಕೂತು ಕೇಳುವ ಜಾಗಕ್ಕೆ ಒಯ್ಯಲು ಹೆದರಬೇಕು ಅಂದರೆ ಆಮೇಲೆ ಅದು ಯಾರಿಗೋಸ್ಕರ?

ಇನ್ನು ದುಡ್ಡಿನ ವಿಷಯ. ದುಡ್ಡು ನನ್ನ ಸಂಬಳದ್ದೇ. ಆದರೂ ಕೊಬ್ಬರಿ ಸೀಮೆಯಲ್ಲಿ ಹುಟ್ಟಿದವನಿಗೆ ಯಾವ ಬೆಲೆ ಕಂಡರೂ ಕ್ವಿಂಟಾಲಿನ ಲೆಕ್ಕ ತಪ್ಪಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಆ ಲೆಕ್ಕದಲ್ಲಿ ಈ ಬೇಸ್ ಮೂವತ್ತೇಳೂವರೆ ಕ್ವಿಂಟಾಲ್. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು, ಆ ಲೆಕ್ಕದಲ್ಲಿ ಹನ್ನೆರಡು. ಎರಡೇ ವರ್ಷದಲ್ಲಿ ಇಷ್ಟು ಮೇಲೆ ಕೆಳಗೆ ಆಗುವ ಬದುಕನ್ನು ನೋಡಿಕೊಂಡು ಬೆಳೆದವನಿಗೆ 'ಇದು ಕೈಕೊಟ್ಟಾಗ ಏನು ಮಾಡೋದು' ಅನ್ನೋ ಪ್ರಶ್ನೆ ಮೊದಲು ಬರುತ್ತೆ. 'ಇದು ಚೆನ್ನಾಗಿದ್ದಾಗ ಎಷ್ಟು ಚೆನ್ನಾಗಿರುತ್ತೆ' ಅನ್ನೋದು ಆಮೇಲೆ.

ಅಪ್ಪನ ಪಂಪ್‌ಹೌಸ್ ನೋಡಿದಾಗ ನನಗೆ ಅರ್ಧ ಉತ್ತರ ಸಿಕ್ಕಿತು. ಗೋಡೆಯ ಮೇಲೆ ಹಳೆಯ ಸ್ಟಾರ್ಟರ್ ಡಬ್ಬ, ಹಸಿರು ಗುಂಡಿ ಕೆಂಪು ಗುಂಡಿಯದ್ದು. ನಾನು ಸ್ಕೂಲಿಗೆ ಹೋಗುವಾಗಿನಿಂದ ಅದೇ ಇದೆ. ಪಕ್ಕದಲ್ಲಿ ಮೊಬೈಲ್ ಸ್ಟಾರ್ಟರ್, ನಾನು ಕೊಡಿಸಿದ್ದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಮನೆಯಲ್ಲಿ ಕೂತು ಫೋನ್ ಮಾಡಿದರೆ ಮೋಟರ್ ಆನ್ ಆಗುತ್ತೆ ಅಂದರೆ ಎಷ್ಟು ಅನುಕೂಲ! ಮಳೆಗಾಲದ ಒಂದು ಗುಡುಗಿಗೆ ಆ ಡಬ್ಬ ಸುಟ್ಟುಹೋಯ್ತು. ಅಪ್ಪ ಏನು ಮಾಡಿದರು? ಎರಡು ಡಬ್ಬದ ನಡುವೆ ರಿಪೇರಿಯವರು ಒಂದು ಬೈಪಾಸ್ ಸ್ವಿಚ್ ಹಾಕಿಕೊಟ್ಟಿದ್ದರು. ಅದನ್ನು ಕೆಳಗೆ ಒತ್ತಿ, ಹಸಿರು ಗುಂಡಿ ಅದುಮಿದರು. ನೀರು ಬಂತು. ಹೊಸ ಡಬ್ಬ ರಿಪೇರಿಯಾಗಿ ಬರಲು ತಿಂಗಳಾಯ್ತು, ಅಷ್ಟು ದಿನ ತೋಟ ಒಣಗಲಿಲ್ಲ. 'ಜಾಣ ಡಬ್ಬ ಹೊರ್ಗಡೆ ಇರ್ಬೇಕು ಕಣೋ. ಹೊಟ್ಟೆವಳಗೆ ಸೇರಿಸ್ಬಿಟ್ರೆ ಅದು ಸತ್ತಾಗ ಇದೂ ಸಾಯ್ತದೆ' ಅಂದರು.

ಉಳಿದ ಅರ್ಧ ಉತ್ತರ ಸಿಕ್ಕಿದ್ದು ಅಟ್ಟದ ಮೇಲೆ. ಹಬ್ಬಕ್ಕೆ ಹೋದಾಗ ಗೆಳೆಯನ ಪ್ಯಾಸಿವ್ ಬೇಸ್, ಜೊತೆಗೆ ಕಾಲಡಿ ಇಡುವ ಪೆಡಲ್ ರೂಪದ ಒಂದು ಪ್ರೀಆಂಪ್ ಕಡ ತಂದಿದ್ದೆ. ಕೆಲವು ಬೇಸ್‌ಗಳ ಒಳಗೆ ಇರುವ ಸರ್ಕ್ಯೂಟೇ ಪೆಡಲ್ ಡಬ್ಬದಲ್ಲೂ ಸಿಗುತ್ತೆ. ಅಪ್ಪ ಅಟ್ಟದಲ್ಲಿ ಕಾಯಿ ನೋಡುತ್ತಿದ್ದರು. ಉಂಡೆ ಕೊಬ್ಬರಿಗೆ ಕಾಯನ್ನು ಒಂಬತ್ತು ತಿಂಗಳು, ವರ್ಷ ಹಾಗೇ ಇಡುತ್ತೇವಲ್ಲ, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಅಲ್ಲಾಡಿಸಿ ಹೇಳುತ್ತಾರೆ. ಗೊಟಗೊಟ ಅಂದರೆ ಆಗಿದೆ. ಆ ಕಿವಿಯನ್ನೇ ಪರೀಕ್ಷೆಗೆ ಕೂರಿಸೋಣ ಅನ್ನಿಸಿತು. ಬೆನ್ನು ಮಾಡಿ ಕೂರಿಸಿ, ಒಂದು ಸಲ ನೇರವಾಗಿ, ಒಂದು ಸಲ ಪ್ರೀಆಂಪ್ ಮೂಲಕ ನುಡಿಸಿದೆ. ಹತ್ತಕ್ಕೆ ಒಂಬತ್ತು ಸಲ ಪ್ರೀಆಂಪೇ ಚೆನ್ನಾಗಿದೆ ಅಂದರು. ಸರಿ, ಗೆಳೆಯ ಗೆದ್ದ ಅಂದುಕೊಂಡೆ.

ಆಮೇಲೆ ಅನುಮಾನ ಬಂತು. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿ ಎರಡರ ಜೋರನ್ನೂ ಸಮ ಮಾಡಿದೆ, ಟೋನ್ ಗುಂಡಿಗಳನ್ನೆಲ್ಲಾ ನಡುವಿಗೆ ತಂದೆ. ಈ ಸಲ ಆರು ನಾಲ್ಕು. ಆರು ಸಲ ಗೆದ್ದದ್ದು ಪ್ಯಾಸಿವ್! 'ಮೊದ್ಲಿಂದು ಜೋರಾಗಿತ್ತು, ಅದ್ಕೇ ಚೆನ್ನಾಗೈತೆ ಅಂದೆ' ಅಂದರು ಅಪ್ಪ. ಇದೇನೂ ಸಂಶೋಧನೆ ಅಲ್ಲ, ಒಬ್ಬರ ಕಿವಿ, ಹತ್ತು ಸಲ. ಆದರೆ ಅಂಗಡಿಯಲ್ಲಿ ಆಕ್ಟಿವ್ ಬೇಸ್ ಕೈಗೆತ್ತಿಕೊಂಡ ತಕ್ಷಣ ಆಗುವ ರೋಮಾಂಚನದಲ್ಲಿ ಎಷ್ಟು ಪಾಲು ಬರೀ ಜೋರಿನದ್ದು ಅಂತ ನನಗೆ ಅವತ್ತು ಗೊತ್ತಾಯ್ತು.

ಇನ್ನೊಂದು ಲೆಕ್ಕ. ಆಕ್ಟಿವ್ ಮಾರುವವರು ಬೇಸ್ ಬೂಸ್ಟ್ ಬಗ್ಗೆ ತುಂಬಾ ಹೇಳುತ್ತಾರೆ. ಐದನೇ ತಂತಿಯ ಕೆಳಗಿನ ಬಿ ಸ್ವರ ಸುಮಾರು 31 ಹರ್ಟ್ಸ್, ಇ ತಂತಿ 41. ಜಾತ್ರೆಯ ಸ್ಪೀಕರ್ ಡಬ್ಬಗಳು ಅಷ್ಟು ಕೆಳಗೆ ಇಳಿಯುವುದೇ ಕಷ್ಟ. ನಮಗೆ ಕೇಳುವುದು ಅದರ ಮೇಲಿನ ಅನುಸ್ವರಗಳು, ಕೆಳಗಿನದನ್ನು ಮೆದುಳೇ ತುಂಬಿಸಿಕೊಳ್ಳುತ್ತೆ. ಅಲ್ಲಿ 12 ಡೆಸಿಬೆಲ್ ಬೂಸ್ಟ್ ಮಾಡಿದರೆ ಆಂಪ್ಲಿಫೈಯರ್ 16 ಪಟ್ಟು ಪವರ್ ಕೊಡಬೇಕು, ಅಷ್ಟೂ ಶಾಖವಾಗಿ ಹೋಗುತ್ತೆ, ಜೊತೆಗೆ ಹಾಡುವವರ ದನಿಯೂ ಒಡೆಯುತ್ತೆ. ಗದ್ದಲದಲ್ಲಿ ಬೇಸ್ ಕೇಳಬೇಕಾದರೆ ಬೇಕಾಗುವುದು 700, 800 ಹರ್ಟ್ಸಿನ ನಡುಸ್ವರ. ಅದು ಪಿಕಪ್ಪಿನಲ್ಲಿ ಇರಬೇಕು, ಬೆರಳಿನಲ್ಲಿ ಇರಬೇಕು.

ಆಕ್ಟಿವ್ ಕಡೆಯವರ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೇ ರಾತ್ರಿಯಲ್ಲಿ ಹತ್ತು ಬಗೆಯ ಹಾಡು ನುಡಿಸುವವರಿಗೆ, ಸ್ಲ್ಯಾಪ್ ನುಡಿಸುವವರಿಗೆ, ಉದ್ದುದ್ದ ಕೇಬಲ್ ಎಳೆಯುವವರಿಗೆ ಅದು ನಿಜವಾದ ಅನುಕೂಲ. ಅಂಥವರಿಗೆ ನನ್ನ ಸಲಹೆ ಎರಡೇ. ಬ್ಯಾಟರಿ ಸತ್ತಾಗ ಪ್ಯಾಸಿವ್ ಆಗಿ ನುಡಿಯುವ ಬೈಪಾಸ್ ಸ್ವಿಚ್ ಇಲ್ಲದ ಬೇಸ್‌ಗೆ ದುಡ್ಡು ಕೊಡಬೇಡಿ. ಮತ್ತೆ, ಸರ್ಕ್ಯೂಟಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿದ್ದರೆ ಅದನ್ನು ರಿಪೇರಿ ಮಾಡುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಕೊಳ್ಳುವ ಮುಂಚೆಯೇ ಕೇಳಿ.

ನನ್ನ ಮಟ್ಟಿಗೆ ತೀರ್ಮಾನ ಆಗಿದೆ. ನಿನ್ನೆ ರಾತ್ರಿ ಮೊದಲನೇ ಚೌಕಕ್ಕೆ ಟಿಕ್ ಹಾಕಿದೆ. ಪ್ಯಾಸಿವ್. ಪ್ರೀಆಂಪಿನಿಂದ ಉಳಿದ ದುಡ್ಡಿಗೆ ಹಮ್ ತಡೆಯುವ ಪಿಕಪ್ ಕೇಳಿದ್ದೇನೆ. ಎರಡು ಕಾಯಿಲ್ ಒಂದಕ್ಕೊಂದು ವಿರುದ್ಧವಾಗಿ ಸುತ್ತಿ ಹಮ್ಮನ್ನು ಹೊಡೆದುಹಾಕುವ ಉಪಾಯ 1957ರ ಪ್ರಿಸಿಷನ್ ಬೇಸ್‌ನಲ್ಲೇ ಇತ್ತು, ಅದಕ್ಕೆ ಬ್ಯಾಟರಿ ಬೇಕಿಲ್ಲ. ಹೊಟ್ಟೆಯೊಳಗೆ ಪೂರ್ತಿ ತಾಮ್ರದ ಹಾಳೆಯ ಶೀಲ್ಡಿಂಗ್. ಕೇಬಲ್ 5 ಮೀಟರ್ ಮೀರುವುದಿಲ್ಲ. ಪ್ರೀಆಂಪ್ ಬೇಕಾದ ದಿನ ಕಾಲಡಿಯಲ್ಲಿ ಪೆಡಲ್ ಇರುತ್ತೆ, ಅದು ಸತ್ತರೆ ಕೇಬಲ್ ಕಿತ್ತು ನೇರವಾಗಿ ಚುಚ್ಚುತ್ತೇನೆ. ಮಾಡಿಕೊಡುವವರು 'ಖಚಿತವೇ? ಈ ಬೆಲೆಯಲ್ಲಿ ಹೆಚ್ಚಿನವರು ಆಕ್ಟಿವ್ ಕೇಳುತ್ತಾರೆ' ಅಂತ ಉತ್ತರ ಬರೆದರು. ಖಚಿತ ಅಂದೆ.

ಬೇಸ್ ಬರಲು ಎಂಟು ತಿಂಗಳು. ಅಷ್ಟರಲ್ಲಿ ಜಾತ್ರೆ ಮತ್ತೆ ಬರುತ್ತೆ. ಸೌಂಡಿನವರು ಅವರೇ ಇರುತ್ತಾರಂತೆ, ಕೇಳಿದ್ದೇನೆ. ಈ ಸಲ ಮೊದಲ ಹಾಡಿಗೆ ಮುಂಚೆ ಮೈಕ್ ಹಿಡಿದು ಹೋದ ವರ್ಷದ ಬ್ಯಾಟರಿ ಕಥೆಯನ್ನು ಊರಿಗೆಲ್ಲಾ ಹೇಳಬೇಕು ಅಂತಿದ್ದೇನೆ. ರಿಪೇರಿಯವರಿಗೆ ಕೊಡಲು ಒಂದು ಹೊಸ 9 ವೋಲ್ಟ್ ಬ್ಯಾಟರಿಯನ್ನೂ ತೆಗೆದಿಟ್ಟಿದ್ದೇನೆ, ಸಾಲ ತೀರಿಸಬೇಕಲ್ಲ.

ಗೆಳೆಯನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿ ಫೋನ್ ಮಾಡ್ತಾನೆ :-) ನೀವೇನಂತೀರಿ? ವೀಣೆ, ಪಿಟೀಲು, ಕೊಳಲು ಅಂತ ಯಾವುದಾದರೂ ವಾದ್ಯಕ್ಕೆ ಪಿಕಪ್ಪು ಮೈಕು ಹಾಕಿಕೊಂಡು ಒದ್ದಾಡಿದವರು ಇದ್ದರೆ ನಿಮ್ಮ ಕಥೆಯನ್ನೂ ಬರೆಯಿರಿ. ಜಾತ್ರೆಯ ಮುಂಚೆ ಓದಿಕೊಂಡಿರುತ್ತೇನೆ.